ಲುದ್ವಿಕ್ ಮೇಷ್ಟ್ರ ಪಾಪದ ಪಟ್ಟಿ

ಬೆಲಯಾರ್ಕದ ಲುದ್ವಿಕ್ ಮೇಷ್ಟ್ರಿಗೆ ಏನನ್ನಾದರೂ ಪಟ್ಟಿ ಮಾಡದೆ ಮನಸ್ಸು ನಿಲ್ಲುತ್ತಿರಲಿಲ್ಲ. ಆದ ಅನರ್ಥಕ್ಕೆಲ್ಲ ಅದೇ ಕಾರಣ. ಅಂಗಡಿಗೆ ಹೊರಟರೆ ಪಟ್ಟಿ, ಚಳಿಗಾಲಕ್ಕೆ ಕಲ್ಲಿದ್ದಲು ತರಿಸಿದರೆ ಪಟ್ಟಿ, ನೆಗಡಿಯಾದರೆ ಯಾವ ದಿನ ಎಷ್ಟು ಸಲ ಸೀನಿದೆ ಎಂಬುದಕ್ಕೂ ಒಂದು ಪಟ್ಟಿ. ಊರ ಶಾಲೆಯಲ್ಲಿ ಗಣಿತ ಹೇಳಿಕೊಡುವವರಿಗೆ ಇದೇನೂ ದೋಷವಲ್ಲ. ಆದರೆ ಅವರು ಶನಿವಾರಗಳಂದು ಚರ್ಚಿನ ಮಕ್ಕಳಿಗೆ ಧರ್ಮೋಪದೇಶವನ್ನೂ ಹೇಳಿಕೊಡುತ್ತಿದ್ದರು. ಮತ್ತು ವರ್ಷಕ್ಕೊಮ್ಮೆ ತಮ್ಮ ಪಾಪಗಳನ್ನೂ ಪಟ್ಟಿ ಮಾಡುತ್ತಿದ್ದರು.

ಈ ವರ್ಷದ್ದು ಶುಕ್ರವಾರ ಸಂಜೆಗೇ ಸಿದ್ಧವಾಗಿತ್ತು. ಗೆರೆ ಹಾಕಿದ ಹಾಳೆ, ಎಡಕ್ಕೆ ಅಂಚು, ದುಂಡಗಿನ ಅಕ್ಷರ, ಕ್ರಮಸಂಖ್ಯೆ. ಬರೆದವರ ಹೆಸರೊಂದು ಇರಲಿಲ್ಲ. ದೇವರಿಗೆ ಗೊತ್ತಿರುತ್ತದಲ್ಲ.

ಒಂದು: ಮಾಂಸ ಮುಟ್ಟಬಾರದ ತಪಸ್ಸುಕಾಲದ ಆರು ಶುಕ್ರವಾರ ನೆರೆಮನೆಯ ಸಪರ್ಗಲಿಯ ಜತೆ ಕುದುರೆ ಮಾಂಸದ ಸಾಸೇಜು ತಿಂದೆ. (ಏಳನೆಯ ಶುಕ್ರವಾರ ಸಪರ್ಗಲಿ ಊರಲ್ಲಿರಲಿಲ್ಲ.)

ಎರಡು: ಗೆನೋವೆಫಾ ಅಜ್ಜಿ ಮಾಡಿಕೊಟ್ಟ ಗಸಗಸೆ ಕೇಕನ್ನು ನಾಲ್ಕು ಸಲ ಸಪರ್ಗಲಿಯ ನಾಯಿಗೆ ಹಾಕಿ, ಬಹಳ ರುಚಿಯಾಗಿತ್ತೆಂದು ಹೇಳಿದೆ. (ನಾಲ್ಕನೆಯ ಸಲ ನಾಯಿಯೂ ತಿನ್ನಲಿಲ್ಲ.)

ಮೂರು: ಎರ್ನಾ ಹಾಡದಿರಲೆಂದು ಚರ್ಚಿನ ಹಾರ್ಮೋನಿಯಂ ಪೆಟ್ಟಿಗೆಯ ಬೀಗದ ಕೈಯನ್ನು ಮೂರು ಭಾನುವಾರ ಜೇಬಿನಲ್ಲಿ ಇಟ್ಟುಕೊಂಡು, ಎಲ್ಲರ ಜತೆ ಸೇರಿ ಹುಡುಕಿದೆ.

ನಾಲ್ಕು: ಫಾದರ್ ಮಾರೆಕ್ ಅವರ ಪ್ರವಚನ ನಡೆಯುವಾಗ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಿದೆ. ಎಷ್ಟು ಪ್ರವಚನವೋ ಅಷ್ಟು ಸಲ.

ಐದು: ಅಂಚೆ ಕಚೇರಿಯ ಅಲ್ದೋನಾಳನ್ನು ಹನ್ನೊಂದು ವರ್ಷದಿಂದ ಪ್ರೀತಿಸುತ್ತಿದ್ದೇನೆ. ಹೇಳಿಲ್ಲ.

ಐದನೆಯದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಪ್ರೀತಿಸಿದ್ದು ಪಾಪವೋ, ಹೇಳದೆ ಉಳಿದದ್ದು ಪಾಪವೋ ಅವರಿಗೆ ಬಗೆಹರಿದಿರಲಿಲ್ಲ. ಶನಿವಾರ ನಾಲ್ಕು ಗಂಟೆಗೆ ಮಕ್ಕಳ ಮೊದಲ ಪಾಪನಿವೇದನೆ. ಅದು ಮುಗಿದ ಮೇಲೆ ತಮ್ಮದೂ ಆಗಲಿ, ಫಾದರೇ ತೀರ್ಮಾನಿಸಲಿ ಎಂದು ಹಾಳೆಯನ್ನು ಧರ್ಮೋಪದೇಶದ ಪುಸ್ತಕದೊಳಗೆ ಇಟ್ಟುಕೊಂಡರು.

ಮರುದಿನ ಭಾನುವಾರ ಬಿಷಪ್ ಬಂದು ಒಂಬತ್ತು ಮಕ್ಕಳಿಗೆ ಪ್ರಥಮ ಪರಮಪ್ರಸಾದ ಕೊಡುವುದಿತ್ತು. ಅದಕ್ಕೆ ಎರಡು ವರ್ಷದ ತಯಾರಿ. ಬೆಲಯಾರ್ಕದಲ್ಲಿ ತಯಾರಿ ಎಂದರೆ ನಕಲು. ಇವರ ಅಜ್ಜ ಅಜ್ಜಿಯರನ್ನು ಅಂದಿನ ಸರ್ಕಾರ ಗಡಿಪಾರು ಮಾಡಿ, ರೈಲಿನಲ್ಲಿ ತಂದು ಈ ಹುಲ್ಲುಬಯಲಿನಲ್ಲಿ ಇಳಿಸಿ ಹೋದಾಗ ಜತೆಗೆ ಪಾದ್ರಿ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ನೆನಪಿದ್ದವರು ಜಪಗಳನ್ನು ಬರೆದರು, ಅದನ್ನು ನೋಡಿ ಇನ್ನೊಬ್ಬರು, ಅವರದನ್ನು ನೋಡಿ ಮತ್ತೊಬ್ಬರು. ಐವತ್ತು ವರ್ಷ ದೇವರು ಈ ಊರಿನಲ್ಲಿ ಬದುಕಿದ್ದೇ ನಕಲು ಪುಸ್ತಕಗಳಲ್ಲಿ. ನಕಲು ಮಾಡುವಾಗ ಒಂದಕ್ಷರವನ್ನೂ ಬದಲಾಯಿಸಕೂಡದು ಎಂಬುದು ಇಲ್ಲಿ ಹನ್ನೊಂದನೆಯ ಆಜ್ಞೆ. ಈಗ ಅಚ್ಚಾದ ಪುಸ್ತಕ ಬಂದಿದ್ದರೂ ಲುದ್ವಿಕ್ ಮೇಷ್ಟ್ರು ಮಕ್ಕಳ ಕೈಯಲ್ಲಿ ಎಲ್ಲವನ್ನೂ ನಕಲು ಮಾಡಿಸಿಯೇ ಕಲಿಸುತ್ತಿದ್ದರು.

ಶನಿವಾರ ಬೆಳಿಗ್ಗೆ ಚರ್ಚಿನ ಪಕ್ಕದ ಕೋಣೆಯಲ್ಲಿ ಕೊನೆಯ ಪಾಠ. ಮಕ್ಕಳು ತಮ್ಮ ತಮ್ಮ ಪಾಪಗಳನ್ನು ಬರೆದುಕೊಳ್ಳಬೇಕಿತ್ತು.

"ಎಷ್ಟು ಬರೀಬೇಕು ಮೇಷ್ಟ್ರೇ?" ಎಂದಳು ಕಮಿಲಾ. ಒಂಬತ್ತು ವರ್ಷದ ಹುಡುಗಿ, ಹಾಡುಗಾರ್ತಿ ಎರ್ನಾಳ ಮೊಮ್ಮಗಳು. ತರಗತಿಗೆ ಅವಳೇ ಮೊದಲು.

"ಇರೋಷ್ಟು."

"ಇಲ್ದೇ ಇದ್ರೆ?"

"ಇರುತ್ತೆ. ಹುಡುಕು."

"ಹೋದ ವಾರ ಹುಡುಕಿ ಬರೆದಿದ್ದೆ. ನಮ್ಮನೇಲಿ ಇಂಥದ್ದೆಲ್ಲಾ ನಡಿಯಲ್ಲ ಅಂತ ಅಜ್ಜಿ ಒಲೆಗೆ ಹಾಕಿದ್ರು."

ಅಷ್ಟರಲ್ಲಿ ಫಾದರ್ ಮಾರೆಕ್ ಬಾಗಿಲಲ್ಲಿ ಬಂದು ನಿಂತರು. ಬಿಷಪ್ ಕೂರಬೇಕಾದ ಕುರ್ಚಿಯ ಒಂದು ಕಾಲು ಗಿಡ್ಡವಂತೆ. ಮೇಷ್ಟ್ರು ಹೋಗಿ ಅದನ್ನು ಅಳೆದು, ಉಳಿದ ಮೂರು ಕಾಲನ್ನೂ ಅಳೆದು, ರಟ್ಟು ಮಡಚಿಟ್ಟು ಬರಲು ಅರ್ಧ ಗಂಟೆಯಾಯಿತು. ಬಂದು ನೋಡಿದರೆ ಒಂಬತ್ತು ತಲೆಗಳೂ ಬಗ್ಗಿವೆ, ಒಂಬತ್ತು ಪೆನ್ನುಗಳೂ ಓಡುತ್ತಿವೆ. ಪಿಸುಮಾತೂ ಇಲ್ಲ. ಇಷ್ಟು ಚಿಕ್ಕ ಮಕ್ಕಳಲ್ಲಿ ಇಷ್ಟು ಆಳವಾದ ಆತ್ಮಪರಿಶೀಲನೆಯೇ ಎಂದು ಮೇಷ್ಟ್ರಿಗೆ ಕಣ್ಣು ತುಂಬಿತು. ತಮಗೆ ಬಂದದ್ದು ಬರೀ ಐದು.

ಮಕ್ಕಳು ಹೋದ ಮೇಲೆ ಪುಸ್ತಕ ತೆರೆದರು. ಹಾಳೆ ಇರಲಿಲ್ಲ.

ಪುಸ್ತಕವನ್ನು ಬೆನ್ನು ಹಿಡಿದು ಒದರಿದರು. ಕಿಟಕಿ ತೆರೆದಿತ್ತು, ಹೊರಗೆ ಮೇ ತಿಂಗಳ ಬಯಲುಗಾಳಿ ತಗಡುಗಳನ್ನು ಕುಣಿಸುತ್ತಿತ್ತು. ಆ ಗಾಳಿಗೆ ಸಿಕ್ಕಿದ್ದರೆ ಹಾಳೆ ಯಾರ ಅಂಗಳದಲ್ಲಾದರೂ ಬಿದ್ದೀತು, ಬಿದ್ದಲ್ಲಿ ಯಾರಾದರೂ ಓದಿಯಾರು, ಓದಿದವರು ಸಂಜೆಯೊಳಗೆ ಅಂಚೆ ಕಚೇರಿಗೂ ಹೋದಾರು. ಹನ್ನೊಂದು ವರ್ಷ ಬಾಯಿಯೊಳಗೆ ಕಾಪಾಡಿಕೊಂಡದ್ದು ಗೆರೆ ಹಾಕಿದ ಹಾಳೆಯಲ್ಲಿ, ನಾಯಿ ಮತ್ತು ಸಾಸೇಜಿನ ಜತೆ, ಐದನೆಯದಾಗಿ ಅಲ್ದೋನಾಳ ಕೈ ಸೇರುವುದನ್ನು ನೆನೆದು ಮೇಷ್ಟ್ರು ಬೆಂಚುಗಳ ಕೆಳಗೆ ತೆವಳತೊಡಗಿದರು.

"ಏನೋ ಲುದ್ವಿಕ್ಕು, ಅಲ್ಲೇನ್ ಮಾಡ್ತಿದ್ದೀಯಾ? ಮೊಟ್ಟೆ ಇಡ್ತಿದ್ದೀಯೇನೋ?"

ಗೆನೋವೆಫಾ ಅಜ್ಜಿ. ಎಂಬತ್ತನಾಲ್ಕು ವರ್ಷ, ಕೈಯಲ್ಲಿ ಪೊರಕೆ. ಪಾದ್ರಿಗಳಿಲ್ಲದ ಕಾಲದಲ್ಲಿ ಊರಿನ ಅರ್ಧ ಮಕ್ಕಳಿಗೆ ತಮ್ಮ ಅಡುಗೆಮನೆಯಲ್ಲಿ ಜ್ಞಾನಸ್ನಾನ ಮಾಡಿಸಿದವರು ಅವರೇ. ಮೇಷ್ಟ್ರಿಗೂ ಅವರೇ ಮಾಡಿಸಿದ್ದು. ಆದ್ದರಿಂದ ಯಾರಿಗೂ ಬಹುವಚನ ಕೊಡುತ್ತಿರಲಿಲ್ಲ.

"ಒಂದು ಹಾಳೆ ಕಳೆದುಹೋಗಿದೆ ಅಜ್ಜಿ."

"ಎಂಥಾ ಹಾಳೆ?"

ಸುಳ್ಳು ಹೇಳಬಹುದಿತ್ತು. ಆದರೆ ನಾಲ್ಕು ಗಂಟೆಗೆ ಪಾಪನಿವೇದನೆ ಇಟ್ಟುಕೊಂಡು ಹೊಸದೊಂದನ್ನು ಸೇರಿಸುವುದು ಹೇಗೆ? ಸೇರಿಸಲು ಪಟ್ಟಿಯೂ ಇರಲಿಲ್ಲ.

"ಪಾಪಗಳದ್ದು," ಎಂದರು.

"ಅಯ್ಯೋ ದೇವಮಾತೇ! ಮಕ್ಕಳದ್ದಾ?"

ಮೇಷ್ಟ್ರು ಹೌದೆನ್ನಲಿಲ್ಲ. ಅಲ್ಲವೆಂದರೆ ಮತ್ಯಾರದ್ದು ಎಂಬ ಪ್ರಶ್ನೆ ಬರುವುದು ಖಂಡಿತವಿದ್ದದ್ದರಿಂದ ಅಲ್ಲವೆಂದೂ ಅನ್ನಲಿಲ್ಲ.

"ಗಾಳಿಗೆ ಹಾರಿ ಹೋಯ್ತೇನೋ? ಮಕ್ಕಳು ಅಂದ್ರೆ ತಮ್ಮದಷ್ಟೇ ಬರೀತಾವಾ, ಮನೆ ಮಂದಿದೆಲ್ಲಾ ಬರೆದಿರ್ತಾವೆ! ನೀನು ಹೆದರ್ಬೇಡ ಕಣೋ, ನಾನು ಯಾರಿಗೂ ಹೇಳಲ್ಲ."

ಅಜ್ಜಿ ಮಾತಿಗೆ ತಪ್ಪುವವರಲ್ಲ. ಯಾರಿಗೂ ಹೇಳಲಿಲ್ಲ, ಎರ್ನಾಗೆ ಮಾತ್ರ ಹೇಳಿದರು. ಎರ್ನಾಳದು ಬಯಲಿನಲ್ಲಿ ಚದುರಿದ ದನಗಳನ್ನು ಜಗಲಿಯಲ್ಲಿ ಕೂತು ಕರೆಯಬಲ್ಲ ಕಂಠ.

ಮೇಷ್ಟ್ರು ರಸ್ತೆಗಿಳಿದು ಬೇಲಿಗಳ ಸಂದು ನೋಡುತ್ತಾ ಹೋಗುತ್ತಿದ್ದಾಗ ಎರ್ನಾ ಎದುರಾದಳು. ಕೈ ಹಿಡಿದು ಹಾಗೇ ಗೋಡೆಯ ಮರೆಗೆ ಎಳೆದಳು.

"ನೋಡಿ ಮೇಷ್ಟ್ರೇ, ನಮ್ಮ ಕಮಿಲಾ ಹಾಲಿನ ವಿಷಯ ಬರೆದಿದ್ರೆ, ಅದು ನೀರಲ್ಲ."

"ಯಾವುದು?"

"ಅಂದ್ರೆ, ನೀರೇ. ಆದ್ರೆ ಕಾಯಿಸಿ ಆರಿಸಿದ ನೀರು. ಕುಡಿದವರಿಗೆ ಒಳ್ಳೇದೇ."

"ನಾನೇನೂ ಓದಿಲ್ಲ ಎರ್ನಾ."

"ಓದದೇ ಇದ್ರೆ ಯಾಕೆ ಹೀಗೆ ಬಿಳಿಚಿಕೊಂಡಿದ್ದೀರಿ?" ಎಂದು ಅವಳು ಕಣ್ಣು ಕಿರಿದು ಮಾಡಿದಳು. "ಬೆಣ್ಣೆ ವಿಷಯಾನೂ ಬರೆದಿದ್ದಾಳಾ?"

ಅಲ್ಲಿಂದ ಮುಂದೆ ಮೇಷ್ಟ್ರು ಹತ್ತು ಹೆಜ್ಜೆ ನೆಮ್ಮದಿಯಾಗಿ ನಡೆಯಲಾಗಲಿಲ್ಲ. ಶಾಲೆಯ ಅಡುಗೆಯವಳು ಬಂದು, ಸಾರಿನ ಪಾತ್ರೆಯಿಂದ ಮನೆಗೆ ಹೋಗುತ್ತಿದ್ದದ್ದು ಮೂಳೆ ಮಾತ್ರ, ಮೂಳೆಗೆ ಅಂಟಿಕೊಂಡದ್ದಕ್ಕೆ ತಾನು ಹೊಣೆಯಲ್ಲ ಎಂದಳು. ಗ್ಯಾರೇಜಿನವನು ಬಂದು, ಮಂಗಳವಾರಗಳಂದು ತಾನು ಮೀನು ಹಿಡಿಯಲು ಹೋಗಿದ್ದು ನಿಜವೇ, ಕೆರೆಯಲ್ಲಿ ಮೀನಿಲ್ಲದ್ದು ತನ್ನ ತಪ್ಪೇ ಎಂದು ಕೇಳಿದ. ಮಕ್ಕಳೇ ಇಲ್ಲದ ಒಬ್ಬರು ಬಂದು, ಪಕ್ಕದ ಮನೆ ಮಕ್ಕಳು ಏನಾದರೂ ಬರೆದಿದ್ದಾವೆಯೇ ಎಂದು ವಿಚಾರಿಸಿದರು. ಮಧ್ಯಾಹ್ನದೊಳಗೆ ಮೇಷ್ಟ್ರು ಏಳು ಮನೆಗಳ ಪಾಪ ಕೇಳಿದ್ದರು. ಅದನ್ನೆಲ್ಲ ಪಟ್ಟಿ ಮಾಡದೆ ಇರಲು ಬಹಳ ಸಂಯಮ ಬೇಕಾಯಿತು.

ಎರಡು ಗಂಟೆಗೆ ಸಪರ್ಗಲಿ ಕುದುರೆಯ ಮೇಲೆ ಬಂದು ಮೇಷ್ಟ್ರ ಅಂಗಳದಲ್ಲಿ ಒಂದು ಗೋಣಿಚೀಲ ಸುರಿದ.

"ಎಲ್ಲಾ ನೋಡ್ಕೋ ಮೇಷ್ಟ್ರೇ. ಬಯಲಲ್ಲಿ ಕೆರೆವರೆಗೂ ಹೋಗಿ ಮುಳ್ಳುಪೊದೆಗೆ ಸಿಕ್ಕಿದ್ದನ್ನೆಲ್ಲಾ ಬಿಡಿಸ್ಕೊಂಡು ಬಂದಿದ್ದೀನಿ."

ಚಾಕೊಲೇಟಿನ ಹೊದಿಕೆ, ಹಳೆಯ ಚುನಾವಣೆಯ ಭಿತ್ತಿಪತ್ರ, ಕುರಿಗಳಿಗೆ ಹಾಕುವ ಔಷಧದ ಚೀಟಿ, ಯಾರದೋ ಮದುವೆಯ ಕರೆಯೋಲೆಯ ಅರ್ಧ.

"ನಿನಗೆ ಯಾರು ಹೇಳಿದ್ರು?"

"ಮಸೀದಿಯಲ್ಲಿ ಮಾತಾಡ್ಕೊತಿದ್ರು. ಇದರಲ್ಲಿ ನಿಮ್ಮೋರ ಪಾಪ ಯಾವುದಪ್ಪಾ? ನನಗೆ ಎಲ್ಲಾ ಒಂದೇ ಥರ ಕಾಣ್ತದೆ." ಕುದುರೆ ಇಳಿಯದೆಯೇ ಖಾಲಿ ಚೀಲ ಮಡಚಿಕೊಂಡ. "ಸಿಗದಿದ್ರೂ ಪರವಾಗಿಲ್ಲ, ನಮ್ಮನೆಗೆ ಬಾ. ಸಾಸೇಜು ಇದೆ. ಇವತ್ತು ಶನಿವಾರ ತಾನೇ, ನಿಮ್ಮ ದೇವರು ಬೈಯಲ್ಲ."

ಮೇಷ್ಟ್ರಿಗೆ ಹಸಿವಿರಲಿಲ್ಲ. ಉಳಿದಿದ್ದದ್ದು ಒಂದೇ ಜಾಗ.

ಅಂಚೆ ಕಚೇರಿಯಲ್ಲಿ ಅಲ್ದೋನಾ ಪಾರ್ಸೆಲ್ಲುಗಳಿಗೆ ದಾರ ಕಟ್ಟುತ್ತಿದ್ದಳು. ಮೂವತ್ತೆಂಟು ವರ್ಷ, ಹೆಬ್ಬೆರಳಿಗೆ ಸದಾ ಶಾಯಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ಮೇಲಿನಿಂದ ನೋಡುವ ಅಭ್ಯಾಸ.

"ಬನ್ನಿ ಮೇಷ್ಟ್ರೇ. ಅಂಚೆಚೀಟಿಯಾ?"

"ಅಲ್ಲ. ಯಾರಾದ್ರೂ ಒಂದು ಹಾಳೆ ತಂದು ಕೊಟ್ಟರೆ..."

"ಕೇಳಿದೆ ಕೇಳಿದೆ. ತಂದರೆ ಓದಿ ನೋಡಿ, ಅದೇನಾ ಅಂತ ಖಾತ್ರಿ ಮಾಡ್ಕೊಂಡು ಎತ್ತಿಟ್ಟಿರ್ತೀನಿ."

"ಓದ್ಬೇಡಿ!"

ಕೂಗಿದ ದನಿಗೆ ಪಾರ್ಸೆಲ್ ಹಿಡಿದು ನಿಂತಿದ್ದ ಮುದುಕನೊಬ್ಬ ತನ್ನ ಟೋಪಿ ತೆಗೆದ.

"ವಿಳಾಸ ಇಲ್ಲದ ಕಾಗದ ಓದದೆ ಯಾರದ್ದು ಅಂತ ಹೇಗೆ ಹೇಳೋದು ಮೇಷ್ಟ್ರೇ? ನಿಯಮವೇ ಹಾಗಿದೆ."

"ಅಕ್ಷರ ದುಂಡಗಿರುತ್ತೆ."

"ನಿಮ್ಮ ಅಕ್ಷರವಾ? ಅದನ್ನ ನಾನು ನೋಡಿಯೇ ಇಲ್ಲವಲ್ಲ. ಇಷ್ಟು ವರ್ಷದಿಂದ ಅಂಚೆಚೀಟಿ ತಗೊಂಡು ಹೋಗ್ತೀರಿ, ಒಂದು ಕಾಗದ ಹಾಕಿದವರಲ್ಲ. ಏನು ಮಾಡ್ತೀರಿ ಅಷ್ಟೊಂದು ಚೀಟಿ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಹನ್ನೊಂದು ವರ್ಷದಲ್ಲಿ ಯಾರೂ ಅವರಿಗೆ ಕೇಳಿರಲಿಲ್ಲ. ಉತ್ತರವೂ ಬಾಯಿಯಲ್ಲೇ ಇತ್ತು. ಬೇರೆ ಯಾರೋ ಓದಿ ಹೇಳುವ ಮುನ್ನ ತಾವೇ ಹೇಳಿಬಿಟ್ಟರೆ ಹಾಳೆ ಎಲ್ಲಿ ಬಿದ್ದರೇನು? ಮೇಷ್ಟ್ರು ಉಸಿರು ಎಳೆದುಕೊಂಡರು, ಬಾಯಿ ತೆರೆದರು, ಒಂದು ಅಂಚೆಚೀಟಿ ಕೇಳಿದರು.

ನಾಲ್ಕು ಗಂಟೆಗೆ ಮಕ್ಕಳು ಬಿಳಿ ಅಂಗಿಯಲ್ಲಿ ಸಾಲಾಗಿ ನಿಂತರು. ಕಮಿಲಾ ಮೊದಲು ಪರದೆಯ ಹಿಂದೆ ಹೋದಳು. ಎರಡು ನಿಮಿಷದ ಕೆಲಸಕ್ಕೆ ಎಂಟು ನಿಮಿಷ ಹಿಡಿಯಿತು. ಫಾದರ್ ಮಾರೆಕ್ ಕೆಮ್ಮಿದ್ದು ಕೇಳಿಸಿತು. ಎರಡನೆಯ ಮಗುವಿಗೂ ಎಂಟು ನಿಮಿಷ, ಅಷ್ಟೇ ಕೆಮ್ಮು. ಐದನೆಯ ಮಗುವಾದ ಮೇಲೆ ಫಾದರ್ ಹೊರಗೆ ಬಂದು ನೀರು ಕುಡಿದರು, ಹಾರ್ಮೋನಿಯಂ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ನೋಡಿದರು, ಉಳಿದ ನಾಲ್ವರನ್ನು ಒಬ್ಬೊಬ್ಬರನ್ನಾಗಿ ನೋಡಿದರು, ಶಿಲುಬೆಯ ಗುರುತು ಮಾಡಿಕೊಂಡು ಮತ್ತೆ ಒಳಗೆ ಹೋದರು. ಮಕ್ಕಳು ಮಾತ್ರ ಒಬ್ಬರೂ ಅಳಲಿಲ್ಲ, ತಡವರಿಸಲಿಲ್ಲ. ಮುಗಿಸಿ ಬಂದವರು ಮೊಣಕಾಲೂರಿ ಜಪ ಹೇಳಿ ಹೊರಗೆ ಹೋಗಿ ಗುಂಪಾಗಿ ಕಾಯುತ್ತಿದ್ದರು. ಆ ಕಷ್ಟದ ನಡುವೆಯೂ ಮೇಷ್ಟ್ರಿಗೆ ಹೆಮ್ಮೆಯಾಯಿತು.

ಕೊನೆಗೆ ತಾವು ಮಂಡಿಯೂರಿದರು. ಹಾಳೆ ಇಲ್ಲದಿದ್ದರೂ ಬರೆದದ್ದು ಬಾಯಿಪಾಠವಾಗಿತ್ತು. ಒಂದರಿಂದ ಐದರವರೆಗೆ, ಸಂಖ್ಯೆ ಸಮೇತ ಒಪ್ಪಿಸಿದರು.

ಜಾಲರಿಯ ಆಚೆ ಹತ್ತನೆಯ ಸಲ ಅದೇ ಕೆಮ್ಮು.

"ಮೇಷ್ಟ್ರೇ," ಎಂದರು ಫಾದರ್, "ನಿಮ್ಮ ಸ್ವಂತದ್ದು ಏನಾದ್ರೂ ಇದೆಯಾ?"

"ಇದೆಲ್ಲಾ ನನ್ನ ಸ್ವಂತದ್ದೇ ಫಾದರ್."

ನಿಟ್ಟುಸಿರು ಕೇಳಿಸಿತು. "ಯಾರ್ಯಾರಿಗೆ ತಪ್ಪು ಮಾಡಿದ್ದೀರೋ ಅವರವರ ಹತ್ತಿರ ಹೋಗಿ ಕ್ಷಮೆ ಕೇಳಿ. ಅದೇ ಪ್ರಾಯಶ್ಚಿತ್ತ."

"ಐದನೆಯದು ಪಾಪವಾ ಫಾದರ್?"

"ಅದನ್ನ ಕೇಳಬೇಕಾದ್ದು ನನ್ನನ್ನಲ್ಲ. ಹೋಗಿ. ಬೇಗ ಹೋಗಿ."

ಚರ್ಚಿನ ಗೇಟಿನಲ್ಲಿ ಗೆನೋವೆಫಾ ಅಜ್ಜಿ ಕಂಬಕ್ಕೆ ಒರಗಿ ನಿಂತಿದ್ದರು. ಸುಲಭದ್ದನ್ನು ಮೊದಲು ಮುಗಿಸೋಣವೆಂದು ಮೇಷ್ಟ್ರು ಹತ್ತಿರ ಹೋದರು.

"ಅಜ್ಜಿ, ಕೇಕಿನ ವಿಷಯ..."

"ನಿನಗೂ ತಿಳೀತಾ? ಒಂಬತ್ತು ಮಕ್ಕಳೂ ಸಾಲಾಗಿ ಬಂದು ಕ್ಷಮೆ ಕೇಳಿದ್ವು ಕಣೋ! ಒಂದೊಂದೂ ನಾಲ್ಕು ನಾಲ್ಕು ಕೇಕು ನಾಯಿಗೆ ಹಾಕಿದಾವಂತೆ! ಒಂಬತ್ತು ನಾಲ್ಕಲಿ ಎಷ್ಟೋ?"

"ಮೂವತ್ತಾರು," ಎಂದರು ಮೇಷ್ಟ್ರು, ವೃತ್ತಿಯ ಅಭ್ಯಾಸದಿಂದ. ಆಮೇಲೆ ಬೆಳಿಗ್ಗೆ ಬಗ್ಗಿದ್ದ ಒಂಬತ್ತು ತಲೆಗಳು ನೆನಪಾದವು.

"ನಾನು ನಿನಗೆ ಬಿಟ್ಟು ಇನ್ಯಾರಿಗೂ ಕೇಕು ಕೊಟ್ಟಿಲ್ಲವಲ್ಲೋ. ಅಂದ್ರೆ ನಿನ್ನ ಮನೆಯಿಂದಲೇ ಕದ್ದಿದಾವೆ! ಅಯ್ಯೋ ಕಂದಾ, ನಿನ್ನ ಬಾಯಿಗೆ ಒಂದು ತುಂಡೂ ಬೀಳಲಿಲ್ಲ. ಆದ್ರೂ ರುಚಿಯಾಗಿತ್ತು ಅಜ್ಜಿ ಅಂದ್ಯಲ್ಲೋ, ಮುದುಕಿ ನೊಂದ್ಕೋಬಾರದು ಅಂತ!"

"ಅಜ್ಜಿ, ನಾಯಿಗೆ ಹಾಕಿದ್ದು ನಾನೇ."

"ಸುಮ್ನಿರು. ಮಕ್ಕಳ ಪಾಪ ನೀನು ಹೊತ್ಕೋಬೇಡ. ನಾಳೆ ನಿನಗೆ ದೊಡ್ಡದು ಎರಡು ಮಾಡ್ತೀನಿ. ಇಲ್ಲೇ, ನನ್ನ ಕಣ್ಣೆದುರೇ ಕೂತು ತಿನ್ನಬೇಕು."

ಅಷ್ಟರಲ್ಲಿ ಎರ್ನಾಳ ದನಿ ಇಡೀ ಬೀದಿಗೆ ಕೇಳಿಸಿತು. ಒಂಬತ್ತು ಮಕ್ಕಳು ಬೀಗದ ಕೈ ಬಚ್ಚಿಟ್ಟಿದ್ದರಿಂದ ತಪ್ಪಿಹೋದ ಹಾಡುಗಳನ್ನೆಲ್ಲ ನಾಳೆ ಬಿಷಪ್ಪರ ಎದುರು ಸೇರಿಸಿ ಹಾಡುವುದಾಗಿ ಆಕೆ ಯಾರಿಗೋ ಹೇಳುತ್ತಿದ್ದಳು.

"ಮೇಷ್ಟ್ರೇ!" ಕಮಿಲಾ ಓಡಿ ಬಂದು ಒಂದು ಹಾಳೆ ಮುಂದೆ ಹಿಡಿದಳು. ಗೆರೆ ಹಾಕಿದ್ದು, ಎಡಕ್ಕೆ ಅಂಚು. "ಪುಸ್ತಕದಲ್ಲಿ ಇಟ್ಟಿದ್ರಲ್ಲ, ನಿಮ್ಮ ಮಾದರಿ ಹಾಳೆ. ಮಾರ್ತಾ ನಿಧಾನ ಬರೀತಾಳಲ್ಲ, ಅದಕ್ಕೇ ಮನೆಗೆ ತಗೊಂಡು ಹೋಗಿದ್ವಿ. ತಪ್ಪಾಯ್ತಾ?"

"ಮಾದರಿ," ಎಂದರು ಮೇಷ್ಟ್ರು.

"ಹೂಂ. ನಾವು ಹುಡುಕಿದ್ದು ಒಂದೂ ಇಷ್ಟು ಚೆನ್ನಾಗಿರಲಿಲ್ಲ. ಒಂದಕ್ಷರಾನೂ ಬದಲಾಯಿಸಿಲ್ಲ, ಕಂಸದಲ್ಲಿದ್ದದ್ದನ್ನೂ ಬಿಟ್ಟಿಲ್ಲ. ಪ್ರಶ್ನಾರ್ಥಕ ಚಿಹ್ನೆ ಮಾತ್ರ ಹೇಗೆ ಓದೋದು ಗೊತ್ತಾಗ್ಲಿಲ್ಲ, ಫಾದರಿಗೆ ಗಾಳೀಲಿ ಬರೆದು ತೋರಿಸಿದ್ವಿ."

"ಐದನೆಯದು, ಕಮಿಲಾ?"

"ಅದೊಂದೇ ಬಾಕಿ. ಎಲ್ಲಾ ಅಂಚೆ ಕಚೇರೀಲಿ ನಿಂತಿದ್ದಾರೆ. ಬನ್ನಿ, ಆರು ಗಂಟೆಗೆ ಮುಚ್ತಾರೆ."

ಬೆಲಯಾರ್ಕದವರು ಲುದ್ವಿಕ್ ಮೇಷ್ಟ್ರು ಓಡಿದ್ದನ್ನು ಅಂದೇ ಮೊದಲು ನೋಡಿದ್ದು. ಅವರು ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಸಾಲು ಮುಗಿಯುತ್ತಾ ಬಂದಿತ್ತು. ಕಿಟಕಿಗೆ ಮೂಗಷ್ಟೇ ಎಟುಕುತ್ತಿದ್ದ ಮಾರ್ತಾ ಹಾಳೆ ನೋಡಿಕೊಂಡು ಹೇಳುತ್ತಿದ್ದಳು, "ಅಲ್ದೋನಾ ಅತ್ತೆ, ನಿಮ್ಮನ್ನ ಹನ್ನೊಂದು ವರ್ಷದಿಂದ ಪ್ರೀತಿಸ್ತಿದ್ದೀನಿ. ಹೇಳಿಲ್ಲ. ಕ್ಷಮಿಸಿ."

"ನಿನಗೆಷ್ಟು ವರ್ಷ ಪುಟ್ಟಿ?"

"ಎಂಟು."

"ಮತ್ತೆ ಹನ್ನೊಂದು ವರ್ಷದಿಂದ ಹೇಗೆ?"

ಮಾರ್ತಾ ಮತ್ತೊಮ್ಮೆ ಹಾಳೆ ನೋಡಿದಳು. "ಹನ್ನೊಂದು ಅಂತಲೇ ಇದೆ."

ಕಮಿಲಾ ಮುಂದೆ ಹೋಗಿ ತನ್ನದನ್ನು ಒಪ್ಪಿಸಿ ಬಂದಳು. ಈಗ ಕಿಟಕಿಯ ಮುಂದೆ ಮೇಷ್ಟ್ರೇ ಉಳಿದಿದ್ದರು. ಏದುಸಿರು, ಓರೆಯಾದ ಟೈ, ಕೈಯಲ್ಲಿ ಹಾಳೆ. ಇನ್ನು ಬಚ್ಚಿಡಲು ಏನೂ ಇರಲಿಲ್ಲ. ಆ ಹಗುರದಲ್ಲಿ ಹನ್ನೊಂದು ವರ್ಷ ಬಾರದ ಧೈರ್ಯ ಬಂದುಬಿಟ್ಟಿತು.

"ಅಲ್ದೋನಾ," ಎಂದರು. "ಇದು ಮಕ್ಕಳದ್ದಲ್ಲ. ನನ್ನದು. ನಿಮ್ಮನ್ನ ಹನ್ನೊಂದು ವರ್ಷದಿಂದ ಪ್ರೀತಿಸ್ತಿದ್ದೀನಿ. ಹೇಳಿಲ್ಲ."

ಅಲ್ದೋನಾ ಕನ್ನಡಕ ಕೆಳಗಿಳಿಸಿದಳು. ಅವರ ಮುಖ ನೋಡಿದಳು, ಕೈಯಲ್ಲಿದ್ದ ಹಾಳೆ ನೋಡಿದಳು, ಅವರ ಹಿಂದೆ ಅಂಥದೇ ಹಾಳೆ ಹಿಡಿದು ನಿಂತ ಒಂಬತ್ತು ಮಕ್ಕಳನ್ನು ನೋಡಿದಳು. ಅವಳ ಕಣ್ಣು ತೇವವಾಯಿತು.

"ಎಂಥಾ ಮೇಷ್ಟ್ರಪ್ಪಾ ನೀವು!" ಎಂದಳು. "ಮಕ್ಕಳಿಗೆ ನಾಚಿಕೆ ಆಗಬಾರದು ಅಂತ ನೀವೂ ಸಾಲಲ್ಲಿ ನಿಂತಿರಲ್ಲ. ಬೇರೆ ಯಾರೂ ಇಷ್ಟು ಮಾಡಲ್ಲ. ಆಯ್ತು, ಹತ್ತು ಜನರನ್ನೂ ಕ್ಷಮಿಸಿದ್ದೀನಿ. ಇನ್ನು ಮುಂದೆ ಹೀಗೆ ಮಾಡಬೇಡಿ."

"ಇನ್ನು ಮಾಡಲ್ಲ ಅತ್ತೆ," ಎಂದವು ಒಂಬತ್ತು ಕಂಠ ಒಟ್ಟಿಗೆ.

ಮೇಷ್ಟ್ರು ಹಾಳೆಯನ್ನು ಮಡಚತೊಡಗಿದರು. ಕಮಿಲಾ ಅವರ ಕೋಟಿನ ತುದಿ ಎಳೆದಳು.

"ನೀವೂ ಹೇಳಿ ಮೇಷ್ಟ್ರೇ. ಮತ್ತೆ ಮಾಡಲ್ಲ ಅನ್ನದಿದ್ರೆ ಪಾಪ ಹೋಗಲ್ಲ."

ಒಂಬತ್ತು ಮಕ್ಕಳೂ ತಲೆ ಎತ್ತಿ ಅವರನ್ನೇ ನೋಡುತ್ತಿದ್ದರು. ನಾಳೆ ಬೆಳಿಗ್ಗೆ ಬಿಷಪ್ಪರ ಮುಂದೆ ನಿಲ್ಲಬೇಕಾದ ಮಕ್ಕಳು. ಎರಡು ವರ್ಷದ ಪಾಠ. ಕಿಟಕಿಯ ಆಚೆ ಅಲ್ದೋನಾ ಮೊಹರನ್ನು ಕೈಯಲ್ಲಿ ಹಿಡಿದುಕೊಂಡೇ ಕಾಯುತ್ತಿದ್ದಳು.

"ಇನ್ನು ಮಾಡಲ್ಲ," ಎಂದರು ಲುದ್ವಿಕ್ ಮೇಷ್ಟ್ರು.

"ಜೋರಾಗಿ ಮೇಷ್ಟ್ರೇ," ಎಂದಳು ಮಾರ್ತಾ. "ಅತ್ತೆಗೆ ಕೇಳಿಸಲಿಲ್ಲ."